ಲೈಸನ್ಸ್ ಮಾಡಿಸಿದೆವು, ಗಾಡಿ ಕಲಿಯಲಿಲ್ಲ

ಮಹಾಗಾಂವ ಕ್ರಾಸಿನ ಚಹಾದಂಗಡಿ ಮುಂದೆ ಕೂತಿದ್ದ ಹುಡುಗರನ್ನು ಕೇಳಿದೆವು, "ಗಾಡಿ ಹೊಡಿಲಾಕ್ ಬರ್ತದೇನ್ರಪಾ?"

ಎಲ್ಲರೂ ನಕ್ಕರು. ಈಜು ಬರ್ತದಾ ಅಂತ ಮೀನಿಗೆ ಕೇಳಿದಂಗಾಯ್ತು ಅವರಿಗೆ. "ಟ್ರ್ಯಾಕ್ಟರ್ ಹೊಡಿತೀವಿ, ಪಿಕಪ್ ಹೊಡಿತೀವಿ, ಬೈಕ್ ಅಂತೂ ಕೇಳಲೇ ಬ್ಯಾಡ್ರಿ ಅಣ್ಣಾ" ಅಂದ ಒಬ್ಬ.

"ಲೈಸನ್ಸ್?"

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ, "ಮಾಡಿಸ್ಬೇಕ್ರಿ" ಅಂದ. ಇನ್ನೊಬ್ಬ, "ಏಜೆಂಟಗ ಹೇಳೀವ್ರಿ" ಅಂದ.

ಆ "ಮಾಡಿಸ್ಬೇಕು" ಎಂಬ ಮಾತನ್ನು ಹಿಡಿದುಕೊಂಡು ಈ ಬರಹ ಶುರುವಾಗಿದೆ. ರೇಷನ್ ಕಾರ್ಡ್ ಮಾಡಿಸುತ್ತೇವೆ, ಜಾತಿ ಪ್ರಮಾಣಪತ್ರ ಮಾಡಿಸುತ್ತೇವೆ, ಲೈಸನ್ಸೂ ಮಾಡಿಸುತ್ತೇವೆ. ಅದು ಕಲಿತದ್ದಕ್ಕೆ ಸಿಗುವ ಕಾಗದ ಎಂಬ ನೆನಪು ನಮ್ಮ ಮಾತಿನಲ್ಲೇ ಉಳಿದಿಲ್ಲ. ನಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇವೆ. ಈ ಬ್ಲಾಗ್ ಬರೆಯುವವರಲ್ಲಿ ಲೈಸನ್ಸ್ ಇರುವವರೆಲ್ಲ ಅದನ್ನು "ಮಾಡಿಸಿದವರೇ".

ಹಳ್ಳಿಯ ಹುಡುಗ ಗಾಡಿ ಕಲಿಯುವ ದಾರಿ ನಮಗೆಲ್ಲ ಗೊತ್ತು. ಹತ್ತನೇ ವಯಸ್ಸಿಗೆ ಅಪ್ಪನ ಅಥವಾ ಕಾಕಾನ ತೊಡೆಯ ಮೇಲೆ ಕೂತು ಟ್ರ್ಯಾಕ್ಟರ್ ಸ್ಟೇರಿಂಗ್ ಹಿಡಿಯುತ್ತಾನೆ. ಹನ್ನೆರಡಕ್ಕೆ ರಾಶಿ ಆದ ಹೊಲದಲ್ಲಿ ಒಬ್ಬನೇ ಓಡಿಸುತ್ತಾನೆ. ಹೈಸ್ಕೂಲು ಮುಗಿಯುವಷ್ಟರಲ್ಲಿ ಬೈಕಿನ ಮೇಲೆ ಮೂವರು. ಹದಿನೆಂಟು ತುಂಬುವ ಮೊದಲೇ ಯಾರದೋ ಪಿಕಪ್ಪಿಗೆ ಕ್ಲೀನರ್, ಆಮೇಲೆ ಡ್ರೈವರ್. ಇದನ್ನು ನಾವು ಕೀಳಾಗಿ ನೋಡುವುದಿಲ್ಲ. ತುಂಬಿದ ಟ್ರಾಲಿಯನ್ನು ಕೆಸರಿನ ಓಣಿಯಲ್ಲಿ ಹಿಂದಕ್ಕೆ ತಿರುಗಿಸುವ ಹುಡುಗನ ಕೈಚಳಕ ಸಿಟಿಯ ಎಷ್ಟೋ ಕಾರಿನವರಿಗೆ ಇಲ್ಲ.

ಆದರೆ ಹೊಲದಲ್ಲಿ ಎದುರಿಗೆ ಯಾರೂ ಬರುವುದಿಲ್ಲ. ಹೊಲ ಸ್ಟೇರಿಂಗ್ ಕಲಿಸುತ್ತದೆ, ರಸ್ತೆ ಕಲಿಸುವುದಿಲ್ಲ. ರಾತ್ರಿ ಎದುರಿನ ಗಾಡಿಯ ಲೈಟು ಕಣ್ಣಿಗೆ ಹೊಡೆದಾಗ ಏನು ಮಾಡಬೇಕು, ಅರವತ್ತರ ವೇಗದಲ್ಲಿ ಬ್ರೇಕ್ ಒತ್ತಿದರೆ ಗಾಡಿ ಎಷ್ಟು ದೂರ ಹೋಗಿ ನಿಲ್ಲುತ್ತದೆ, ಲಾರಿಯನ್ನು ಹಿಂದಿಕ್ಕುವಾಗ ಎಲ್ಲಿಯವರೆಗೆ ಕಾಯಬೇಕು, ಇವನ್ನು ಹೊಲ ಹೇಳಿಕೊಡುವುದಿಲ್ಲ. ಓಣಿಯಿಂದ ಹೊರಬಿದ್ದ ನಮ್ಮ ಹುಡುಗ ನೇರ ಹತ್ತುವುದು ರಾಷ್ಟ್ರೀಯ ಹೆದ್ದಾರಿ 50ಕ್ಕೆ.

ಕಲಬುರಗಿಯಿಂದ ಹುಮನಾಬಾದ್ ಕಡೆ ಹೋಗುವ ಈ ರಸ್ತೆ ಎಂಥದ್ದು ಎಂದು ಕಮಲಾಪುರದವರಿಗೆ ಹೇಳಬೇಕಿಲ್ಲ. 2022ರ ಜೂನ್ 3ರ ಬೆಳಗ್ಗೆ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಕಮಲಾಪುರದ ಬಳಿ ಸರಕು ವಾಹನಕ್ಕೆ ಡಿಕ್ಕಿಯಾಗಿ, ರಸ್ತೆ ಬಿಟ್ಟು ಉರುಳಿ, ಹೊತ್ತಿ ಉರಿಯಿತು. ಕನಿಷ್ಠ ಏಳು ಮಂದಿ ಒಳಗೇ ಸುಟ್ಟುಹೋದರು. ಹುಟ್ಟುಹಬ್ಬ ಮುಗಿಸಿಕೊಂಡು ಮನೆಗೆ ಮರಳುತ್ತಿದ್ದ ಜನ ಅವರು. ಅವತ್ತು ದೇಶದ ಎಲ್ಲ ಚಾನೆಲ್‌ಗಳಲ್ಲಿ ನಮ್ಮೂರ ಹೆಸರು ಬಂತು. ಕೆಂಪು ಬಾಳೆಹಣ್ಣಿಗೆ ಬರಬೇಕಾದ ಹೆಸರು ಸುಟ್ಟ ಬಸ್ಸಿಗೆ ಬಂತು.

ಹೊರಗಿನವರು ಸತ್ತರೆ, ದೊಡ್ಡವರು ಸತ್ತರೆ ಸುದ್ದಿ. 2025ರ ನವೆಂಬರಿನಲ್ಲಿ ಜೇವರ್ಗಿ ತಾಲೂಕಿನಲ್ಲಿ ಐಎಎಸ್ ಅಧಿಕಾರಿ ಮಹಾಂತೇಶ ಬೀಳಗಿ ಅವರು ಕಾರು ಅಪಘಾತದಲ್ಲಿ ತೀರಿಕೊಂಡಾಗ ಜಿಲ್ಲೆಯ ರಸ್ತೆಗಳ ಬಗ್ಗೆ ಒಂದು ವಾರ ಚರ್ಚೆಯಾಯಿತು. ಆದರೆ ಈ ರಸ್ತೆಗಳಲ್ಲಿ ದಿನದಿನವೂ ಸಾಯುವವರು ಬೈಕಿನವರು, ಟಂಟಂನವರು, ಕೂಲಿಗೆ ಹೊರಟ ಹೆಣ್ಣುಮಕ್ಕಳು. ಅವರದು ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು, ಕೆಲವೊಮ್ಮೆ ಅದೂ ಇಲ್ಲ.

ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕ ನೋಡಿ. 2022ರಲ್ಲಿ ದೇಶದಲ್ಲಿ 4,61,312 ಅಪಘಾತ, 1,68,491 ಸಾವು. ಕರ್ನಾಟಕದ ಪಾಲು 11,702 ಸಾವು. ಸತ್ತವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರದವರು. ಹೆಲ್ಮೆಟ್ ಹಾಕದೆ ಸತ್ತವರೇ 50 ಸಾವಿರದಷ್ಟು. ನಾವೆಲ್ಲ ಮರೆಯುವ ಇನ್ನೊಂದು ಅಂಕಿ ಇದೆ: ಮೂರರಲ್ಲಿ ಎರಡು ಸಾವು ಗ್ರಾಮೀಣ ಪ್ರದೇಶದಲ್ಲಿ ಆಗಿವೆ. ಟ್ರಾಫಿಕ್ ಪೊಲೀಸ್, ಸಿಗ್ನಲ್, ಕ್ಯಾಮೆರಾ, ಒಳ್ಳೆಯ ಡ್ರೈವಿಂಗ್ ಸ್ಕೂಲ್, ದೊಡ್ಡ ಆಸ್ಪತ್ರೆ ಎಲ್ಲ ಸಿಟಿಯಲ್ಲಿ. ಸಾವು ಮಾತ್ರ ಹಳ್ಳಿಯ ಕಡೆ.

ಹಾಗಾದರೆ ಕಲಿಸುವ ಏರ್ಪಾಡೇ ಇಲ್ಲವೇ? ಇದೆ. ನಮ್ಮ ತಕರಾರು ಇರುವುದೇ ಅಲ್ಲಿ.

ಮೊದಲು ಕಾನೂನು ನೋಡೋಣ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸಲು ಕಡಿಮೆ ಅಂದರೆ 21 ದಿನ ಬೇಕು, ಅದರಲ್ಲಿ ಕನಿಷ್ಠ 10 ಗಂಟೆ ಸ್ಟೇರಿಂಗ್ ಕಲಿಯುವವನ ಕೈಯಲ್ಲೇ ಇರಬೇಕು. ಬಾಡಿಗೆಗೆ ಓಡಿಸುವ ಸಾರಿಗೆ ವಾಹನಕ್ಕೆ 30 ದಿನ, 15 ಗಂಟೆ. ಸಂಚಾರ ಚಿಹ್ನೆ, ಎಂಜಿನ್ನಿನ ಪರಿಚಯ, ಪ್ರಥಮ ಚಿಕಿತ್ಸೆ ಎಲ್ಲ ಪಠ್ಯದಲ್ಲಿವೆ. ಪಠ್ಯವೇನೋ ಚೆನ್ನಾಗಿದೆ.

ನಮ್ಮಲ್ಲೊಬ್ಬ ಕಲಬುರಗಿಯ ಒಂದು ಶಾಲೆಯಲ್ಲಿ ಕಲಿತ. ಹೆಸರು ಬೇಡ, ಇಂಥದ್ದು ಅದೊಂದೇ ಅಲ್ಲ. ಬೆಳಗ್ಗೆ ಒಂದು ಕಾರಿನಲ್ಲಿ ನಾಲ್ವರು. ಒಬ್ಬೊಬ್ಬನಿಗೆ ಹತ್ತು-ಹದಿನೈದು ನಿಮಿಷ. ಬ್ರೇಕಿನ ಮೇಲೆ ಮಾಸ್ತರರ ಕಾಲು, ಕ್ಲಚ್ಚಿನ ಮೇಲೆ ಮಾಸ್ತರರ ಕಾಲು, ಅವರ ಕಿವಿಗೆ ಫೋನು. ಹನ್ನೆರಡು ದಿನಕ್ಕೆ "ಸಾಕ್ ಬಿಡ್ರಿ, ಬಂತು ನಿಮಗ" ಎಂದರು. ಹೆದ್ದಾರಿಗೆ ಒಮ್ಮೆಯೂ ಹೋಗಲಿಲ್ಲ, ಕತ್ತಲಾದ ಮೇಲೆ ಒಮ್ಮೆಯೂ ಓಡಿಸಲಿಲ್ಲ. ಪ್ರಮಾಣಪತ್ರದಲ್ಲಿ ಮಾತ್ರ ಪೂರ್ಣ ತರಬೇತಿ. ಲೈಸನ್ಸ್ ಕೈಗೆ ಬಂದ ಮೇಲೆ ಅವನು ನಿಜವಾಗಿ ಗಾಡಿ ಕಲಿತದ್ದು ಚಿಂಚೋಳಿಯ ಒಬ್ಬ ಮುತ್ಯಾನ ಹತ್ತಿರ. ಮೂವತ್ತು ವರ್ಷ ಲಾರಿ ಓಡಿಸಿದ್ದ ಆ ಮುತ್ಯಾ ಪಕ್ಕದ ಸೀಟಿನಲ್ಲಿ ಕೂತು ಎರಡು ತಿಂಗಳು ಬೈದು ಬೈದು ಕಲಿಸಿದ.

ಶಾಲೆಯವರದೂ ಒಂದು ಲೆಕ್ಕವಿದೆ. ಡೀಸೆಲ್ ದರ ಏರುತ್ತದೆ, ಪಕ್ಕದ ಶಾಲೆಯವನು ದಿನ ಕಡಿಮೆ ಮಾಡಿ ರೇಟು ಇಳಿಸುತ್ತಾನೆ. 2024ರ ಜನವರಿಯಿಂದ ಸಾರಿಗೆ ಇಲಾಖೆ ಕಾರು ತರಬೇತಿಯ ದರವನ್ನು 4,000ದಿಂದ 7,000 ರೂಪಾಯಿಗೆ, ಬೈಕಿನದನ್ನು 2,200ರಿಂದ 3,000ಕ್ಕೆ ಏರಿಸಿತು. ಪೂರಾ 21 ದಿನ ಕಲಿಸಿದರೆ ಈ 7,000 ಹೆಚ್ಚಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಅದನ್ನು ಕೊಟ್ಟೂ 21 ದಿನ ಸಿಗದಿದ್ದರೆ ಮೋಸ. ಆದ್ದರಿಂದ ದುಡ್ಡು ಕೊಡುವ ಮೊದಲು ದಿನ ಎಷ್ಟು, ಗಂಟೆ ಎಷ್ಟು ಎಂದು ಕೇಳಿ. ಬಟ್ಟೆ ಅಂಗಡಿಯಲ್ಲಿ ಮೀಟರ್ ಅಳೆದು ನೋಡುವ ನಾವು ಇಲ್ಲಿ ಮಾತ್ರ ಸುಮ್ಮನೆ ಇರುತ್ತೇವೆ.

ಇನ್ನು ಲೈಸನ್ಸಿನ ಸರ್ಕಾರಿ ಶುಲ್ಕ ಎಷ್ಟು ಗೊತ್ತೇ? ಕಲಿಕಾ ಲೈಸನ್ಸಿಗೆ ಒಂದು ಬಗೆಯ ವಾಹನಕ್ಕೆ 150 ರೂಪಾಯಿ, ಪರೀಕ್ಷೆಗೆ 50. ಆಮೇಲೆ ಚಾಲನಾ ಪರೀಕ್ಷೆಗೆ 300, ಪಕ್ಕಾ ಲೈಸನ್ಸಿಗೆ 200. ಒಟ್ಟು 700, ಮೇಲೆ ಒಂದಿಷ್ಟು ಸೇವಾ ಶುಲ್ಕ. ಏಜೆಂಟರಿಗೆ ನೀವು ಕೊಟ್ಟದ್ದು ಎಷ್ಟು ಎಂದು ನೀವೇ ನೆನಪಿಸಿಕೊಳ್ಳಿ. ಅರ್ಜಿಯನ್ನು ಸಾರಥಿ ಪೋರ್ಟಲಿನಲ್ಲಿ ಫೋನಿನಿಂದಲೇ ಹಾಕಬಹುದು. ಆಧಾರ್ ಜೋಡಿಸಿದರೆ ಕಲಿಕಾ ಲೈಸನ್ಸಿನ ಪರೀಕ್ಷೆಯನ್ನೂ ಮನೆಯಲ್ಲೇ ಕೂತು ಬರೆಯಬಹುದು. ಅದು ಆರು ತಿಂಗಳು ನಡೆಯುತ್ತದೆ, ಮೂವತ್ತು ದಿನ ಕಳೆದ ಮೇಲೆ ಚಾಲನಾ ಪರೀಕ್ಷೆಗೆ ಹೋಗಬಹುದು. ಪಿಯುಸಿ ಹುಡುಗರು ಇನ್‌ಸ್ಟಾಗ್ರಾಮ್‌ಗೆ ಹಾಕುವ ರೀಲ್ಸಿಗಿಂತ ಇದು ಕಷ್ಟದ ಕೆಲಸವಲ್ಲ.

ಓದು ಕಡಿಮೆ ಇರುವವರಿಗೂ ಒಂದು ಮಾತು. ಸಾರಿಗೆ ವಾಹನ ಓಡಿಸಲು ಎಂಟನೇ ತರಗತಿ ಪಾಸಾಗಿರಬೇಕು ಎಂಬ ಹಳೆಯ ನಿಯಮವನ್ನು 2019ರಲ್ಲೇ ತೆಗೆದುಹಾಕಿದ್ದಾರೆ. ಆ ಹಳೆಯ ಭಯದಲ್ಲೇ ಇಂದಿಗೂ ಲೈಸನ್ಸಿಲ್ಲದೆ ಓಡಿಸುವವರು ನಮ್ಮ ತಾಂಡಾಗಳಲ್ಲಿ ಇದ್ದಾರೆ. ಹಾಗೆಯೇ 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಂದು ತೀರ್ಪು ಕೊಟ್ಟಿದೆ. ಲಘು ವಾಹನದ ಲೈಸನ್ಸ್ ಇದ್ದವನು ಒಟ್ಟು ತೂಕ 7,500 ಕಿಲೋ ದಾಟದ ಸಾರಿಗೆ ವಾಹನವನ್ನೂ ಓಡಿಸಬಹುದು. ಪಿಕಪ್, ಛೋಟಾ ಹಾಥಿ ಓಡಿಸುವವರಿಗೆ ಇದು ದೊಡ್ಡ ಅನುಕೂಲ. ಈ ಎರಡು ಸುದ್ದಿಯನ್ನು ವಾಟ್ಸಾಪಿನಲ್ಲಿ ಹಂಚಿದರೆ ಸಾಕು, ಈ ಬರಹ ಓದಿದ್ದು ಸಾರ್ಥಕ.

ಈಗ ನಕ್ಷೆ ತೆಗೆಯಿರಿ. ಕಮಲಾಪುರದಿಂದ ದಕ್ಷಿಣಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿ ಕಲಬುರಗಿ. ಅಲ್ಲಿ ಆರ್‌ಟಿಒ ಇದೆ, ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿ ಇದೆ. ಉತ್ತರಕ್ಕೆ, ಅದಕ್ಕಿಂತಲೂ ಹತ್ತಿರ, ಹುಮನಾಬಾದ್. ಅಲ್ಲಿ ನಿಗಮದ ತರಬೇತಿ ಕೇಂದ್ರ ಇದೆ, ಚಾಲನಾ ಪರೀಕ್ಷೆಯ ಟ್ರ್ಯಾಕ್ ಇದೆ. ನಿಗಮದ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿದ ನಮ್ಮ ಹುಡುಗರೆಲ್ಲ ಅಲ್ಲಿಗೆ ಹೋಗಿ ಬಂದವರೇ. ಬಸ್ಸನ್ನು ಗೆರೆ ಮುಟ್ಟದೆ ಹಿಂದಕ್ಕೆ ತಿರುಗಿಸುವುದು, ಏರಿನಲ್ಲಿ ನಿಲ್ಲಿಸಿ ಹಿಂದೆ ಸರಿಯದಂತೆ ಎತ್ತುವುದು, ಇವೆಲ್ಲ ಅಲ್ಲಿ ಸಾಲಾಗಿ ಮಾಡಿ ತೋರಿಸಬೇಕು. ನಿಗಮ ತನ್ನ ಡ್ರೈವರನನ್ನು ಆರಿಸುವಾಗ ಇಷ್ಟು ಬಿಗಿ. ಒಮ್ಮೆ ಆಯ್ಕೆಯಾದವನಿಗೆ ಮತ್ತೆ ತರಬೇತಿ. ವರ್ಷಾನುಗಟ್ಟಲೆ ಅಪಘಾತ ಮಾಡದವನಿಗೆ ಪದಕ ಕೊಟ್ಟು ಗೌರವಿಸುವ ಪದ್ಧತಿಯೂ ನಮ್ಮ ಸಾರಿಗೆ ನಿಗಮಗಳಲ್ಲಿದೆ. ನಮ್ಮ ಸೀಮೆಯಲ್ಲಿ ಡ್ರೈವಿಂಗನ್ನು ವಿದ್ಯೆ ಎಂದು ನೋಡುವ ಜಾಗ ಅದೊಂದೇ ಇರಬೇಕು.

ಹಾಗಾದರೆ ಒಂದು ಪ್ರಶ್ನೆ. ನಮ್ಮ ತೆರಿಗೆಯಲ್ಲಿ ಕಟ್ಟಿದ ಆ ಟ್ರ್ಯಾಕ್ ನೇಮಕಾತಿ ಇಲ್ಲದ ದಿನಗಳಲ್ಲಿ ಕಮಲಾಪುರ, ಹುಮನಾಬಾದ್, ಚಿಂಚೋಳಿಯ ಹುಡುಗರಿಗೆ ಏಕೆ ತೆರೆಯಬಾರದು? ಪರಿಶಿಷ್ಟ ಜಾತಿ, ಪಂಗಡದ ಯುವಕರಿಗೆ ಸಾರಿಗೆ ನಿಗಮಗಳ ಮೂಲಕ ಉಚಿತವಾಗಿ ಭಾರಿ ವಾಹನ ಕಲಿಸಿದ ಅನುಭವ ಈ ರಾಜ್ಯಕ್ಕೆ ಇದೆ. ಅದನ್ನೇ ಅಗಲ ಮಾಡಿ. ಬಾಡಿಗೆ ಪಿಕಪ್, ಕ್ರೂಸರ್, ಟ್ರ್ಯಾಕ್ಟರ್ ಓಡಿಸುವ ಹುಡುಗರಿಗೆ ಭಾನುವಾರ ಭಾನುವಾರ ನಾಲ್ಕು ವಾರ. ನಿವೃತ್ತರಾದ ನಿಗಮದ ಡ್ರೈವರುಗಳು ಪ್ರತಿ ಊರಿನಲ್ಲಿ ಇದ್ದಾರೆ. ಆ ಚಿಂಚೋಳಿಯ ಮುತ್ಯಾನಂಥವರಿಗೆ ದಿನದ ಸಂಭಾವನೆ ಕೊಟ್ಟು ಪಕ್ಕದ ಸೀಟಿನಲ್ಲಿ ಕೂರಿಸಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಶಂಕುಸ್ಥಾಪನೆಯ ಕಲ್ಲೂ ಬೇಡ.

ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳ ಕತೆಯೂ ಹೀಗೇ. ನಾವು ಆರ್‌ಸೆಟಿ ಎಂದು ಕರೆಯುವ ಈ ಸಂಸ್ಥೆಗಳ ಬೇರು ಕರ್ನಾಟಕದಲ್ಲೇ ಇದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಶುರು ಮಾಡಿದ ರುಡ್‌ಸೆಟ್ ನೋಡಿಯೇ ಕೇಂದ್ರ ಸರ್ಕಾರ ಜಿಲ್ಲೆಗೊಂದರಂತೆ ಇವನ್ನು ತೆರೆಸಿತು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಲಘು ವಾಹನ ಚಾಲನೆ ಇವರ ಕೋರ್ಸುಗಳ ಪಟ್ಟಿಯಲ್ಲಿದೆ, 30 ದಿನದ್ದು. ಹೊಲಿಗೆ, ಮೊಬೈಲ್ ರಿಪೇರಿ, ಹೈನುಗಾರಿಕೆಗೆ ನಮ್ಮ ಊರಿನಿಂದ ಹೋದವರಿದ್ದಾರೆ. ಡ್ರೈವಿಂಗಿಗೆ ಹೋದವರನ್ನು ನಾವು ಕಂಡಿಲ್ಲ. ಕಮಲಾಪುರ ತಾಲೂಕಿನಿಂದ ಮೂವತ್ತು ಹೆಸರು ಬರೆದುಕೊಂಡು ಹೋಗಿ ಕೇಳಿದರೆ ಒಂದು ಬ್ಯಾಚ್ ಮಾಡಿ ಎಂದು ಒತ್ತಾಯಿಸಬಹುದು. ಕೇಳುವವರು ಬೇಕು ಅಷ್ಟೇ. ಆ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರೂ ಇರಲಿ. ಸ್ಕೂಟಿ ಹೊಡೆಯುವ ಆಶಾ ಕಾರ್ಯಕರ್ತೆಯರು, ಅಂಗನವಾಡಿ ಟೀಚರುಗಳು ಹೆಚ್ಚಾಗಿದ್ದಾರೆ. ಅವರಿಗೆ ಕಲಿಸಿದ್ದು ಮನೆಯ ಗಂಡಸರು. ಆ ಗಂಡಸರಿಗೆ ಕಲಿಸಿದ್ದು ಹೊಲ.

2021ರ ಜುಲೈನಿಂದ ಇನ್ನೊಂದು ವ್ಯವಸ್ಥೆ ಬಂದಿದೆ, ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳು. ಅಲ್ಲಿ ಕಾರಿಗೆ ನಾಲ್ಕು ವಾರದಲ್ಲಿ 29 ಗಂಟೆ, ಭಾರಿ ವಾಹನಕ್ಕೆ ಆರು ವಾರದಲ್ಲಿ 38 ಗಂಟೆ ಕಲಿಸಬೇಕು. ಸಿಮ್ಯುಲೇಟರ್ ಇರಬೇಕು, ಸ್ವಂತ ಟ್ರ್ಯಾಕ್ ಇರಬೇಕು. ಅಲ್ಲಿ ಪಾಸಾದವರು ಆರ್‌ಟಿಒದಲ್ಲಿ ಮತ್ತೆ ಗಾಡಿ ಓಡಿಸಿ ತೋರಿಸಬೇಕಿಲ್ಲ. ಯೋಜನೆ ಒಳ್ಳೆಯದೇ, ಆದರೆ ಎಕರೆಗಟ್ಟಲೆ ಜಾಗ ಕೇಳುವ ಕೇಂದ್ರ ಖಾಸಗಿಯವರ ಕೈಯಲ್ಲಿ ದೊಡ್ಡ ಊರುಗಳ ಸುತ್ತಲೇ ಬೆಳೆಯುತ್ತದೆ. ತೊಗರಿ ಬೆಳೆಯುವ ಸೀಮೆಗೆ ಅದು ತಾನಾಗಿ ಬರುತ್ತದೆ ಎಂದು ನಾವು ಕಾಯುವುದಿಲ್ಲ.

ತೊಗರಿ ಎಂದ ಕೂಡಲೇ ಡಿಸೆಂಬರ್, ಜನವರಿ ನೆನಪಾಗುತ್ತದೆ. ರಾಶಿಯ ಕಾಲದಲ್ಲಿ ನಮ್ಮ ರಸ್ತೆಗಳ ಮೇಲೆ ಮೂರು ಅಪಾಯ ಒಟ್ಟಿಗೆ ನಡೆಯುತ್ತವೆ. ರಸ್ತೆಯ ಅರ್ಧಕ್ಕೆ ಬೆಳೆ ಹರಡಿ, ಅಂಚಿಗೆ ಕಲ್ಲು ಇಟ್ಟಿರುತ್ತೇವೆ. ರಾತ್ರಿ ಬೈಕಿನವನಿಗೆ ಆ ಕಲ್ಲು ಕಾಣುವುದಿಲ್ಲ. ಎರಡನೆಯದು, ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಕಬ್ಬಿನ ಟ್ರ್ಯಾಕ್ಟರ್, ಅದಕ್ಕೆ ಎರಡು ಟ್ರಾಲಿ. ಮೂರನೆಯದನ್ನು ಹೇಳುವಾಗ ನಮಗೆ ಮಾತು ತಡವರಿಸುತ್ತದೆ. ಅದು ಸರಕು ಗಾಡಿಯಲ್ಲಿ ನಿಂತು ಕೂಲಿಗೆ ಹೋಗುವ ಹೆಣ್ಣುಮಕ್ಕಳದು.

ನಮ್ಮಲ್ಲೊಬ್ಬರ ಸಂಬಂಧಿಕರ ಹುಡುಗ ಸ್ವಂತ ಪಿಕಪ್ ಇಟ್ಟುಕೊಂಡಿದ್ದ. ಸಾಲದ ಗಾಡಿ. ಬೆಳಗ್ಗೆ ಪಕ್ಕದ ಊರಿನ ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೊಲಕ್ಕೆ ಬಿಡುತ್ತಿದ್ದ, ಸಂಜೆ ಕರೆತರುತ್ತಿದ್ದ. ಒಂದು ಸಂಜೆ ತಿರುವಿನಲ್ಲಿ ಎಮ್ಮೆ ಅಡ್ಡ ಬಂತು. ತಪ್ಪಿಸಲು ಹೋಗಿ ಗಾಡಿ ಪಲ್ಟಿಯಾಯಿತು. ಒಬ್ಬ ತಾಯಿ ಸತ್ತಳು, ಉಳಿದವರ ಕೈಕಾಲು ಮುರಿದವು. ಗಾಡಿಗೆ ವಿಮೆ ಇತ್ತು. ಆದರೆ ಸರಕು ಗಾಡಿಯಲ್ಲಿ ಪ್ರಯಾಣಿಕರಾಗಿ ಕೂತವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ, ಆ ಹುಡುಗನಿಗೆ ಅದು ಗೊತ್ತಿರಲಿಲ್ಲ. ಪರಿಹಾರಕ್ಕೆ ಅಪ್ಪನ ಎರಡು ಎಕರೆ ಹೊಲ ಮಾರಿದರು. ಸತ್ತ ತಾಯಿಯ ಮನೆಯವರೂ, ಅವನ ಮನೆಯವರೂ ಒಂದೇ ಸಂತೆಗೆ ಬರುತ್ತಾರೆ, ಒಬ್ಬರನ್ನೊಬ್ಬರು ನೋಡುವುದಿಲ್ಲ. ಆ ಹುಡುಗ ಈಗ ಪುಣೆಯಲ್ಲಿ ಕಟ್ಟಡದ ಕೆಲಸ ಮಾಡುತ್ತಾನೆ. ಗಾಡಿ ಮುಟ್ಟುವುದಿಲ್ಲ.

ಅವನಿಗೆ ಲೈಸನ್ಸ್ ಇತ್ತು. ಅದನ್ನು ಹೇಳಲೇಬೇಕು. "ಮಾಡಿಸಿದ್ದ".

ಹಿಂದಿನ ಸೀಟಿಲ್ಲದ ಗಾಡಿಗೆ ಜನ ತುಂಬಿದರೆ ತಿರುವಿನಲ್ಲಿ ಏನಾಗುತ್ತದೆ, ವಿಮೆ ಯಾರಿಗೆ ಸಿಗುತ್ತದೆ ಯಾರಿಗೆ ಇಲ್ಲ ಎಂದು ಒಂದು ಗಂಟೆ ಯಾರಾದರೂ ಕೂರಿಸಿ ಹೇಳಿದ್ದರೆ ಅವನು ಅವತ್ತು ತುಂಬಿಸುತ್ತಲೇ ಇರಲಿಲ್ಲ ಎಂದು ನಾವು ಖಂಡಿತ ಹೇಳಲಾರೆವು. ಬಡತನ ಅಷ್ಟು ಸುಲಭಕ್ಕೆ ಮಾತು ಕೇಳುವುದಿಲ್ಲ. ಆದರೆ ಹೇಳುವವರು ಒಬ್ಬರೂ ಇರಲಿಲ್ಲ ಎಂಬುದು ನಿಜ.

ಎಲ್ಲ ತಪ್ಪು ಡ್ರೈವರನದೇ ಎಂದು ಈ ಬರಹದಿಂದ ಯಾರೂ ತಿಳಿಯಬಾರದು. ಅಪಘಾತವಾದ ಕೂಡಲೇ ಪೊಲೀಸ್ ಕಾಗದದಲ್ಲಿ ಬೀಳುವ ಮೊದಲ ಮಾತು "ಅತಿವೇಗ ಮತ್ತು ಅಜಾಗರೂಕತೆ". ರಸ್ತೆಯ ತಿರುವು, ಮುಚ್ಚದ ಗುಂಡಿ, ಬಣ್ಣ ಅಳಿಸಿಹೋದ ಹಂಪು ಅಲ್ಲಿ ಬರುವುದಿಲ್ಲ. ಅರ್ಧ ಕಿಲೋಮೀಟರ್ ಒಳಗೆ ಮೂರು ವರ್ಷದಲ್ಲಿ ಸಾವು ಅಥವಾ ಗಂಭೀರ ಗಾಯದ ಐದು ಅಪಘಾತವಾಗಿದ್ದರೆ, ಇಲ್ಲವೇ ಹತ್ತು ಜನ ಸತ್ತಿದ್ದರೆ, ಆ ಜಾಗವನ್ನು ಬ್ಲ್ಯಾಕ್ ಸ್ಪಾಟ್ ಎಂದು ಗುರುತಿಸಿ ಸರಿಪಡಿಸಬೇಕು ಎಂಬುದು ಕೇಂದ್ರದ ಸೂತ್ರ. ನಮ್ಮ ಪ್ರಶ್ನೆ, ಹತ್ತು ಹೆಣ ಬೀಳುವವರೆಗೆ ಕಾಯುವುದು ಯಾಕೆ? ಮರಗುತ್ತಿ ಕ್ರಾಸ್, ಕಿಣ್ಣಿ ಸಡಕ್ ಕಡೆಯ ಅಂಗಡಿಯವರನ್ನು ಕೇಳಿ, ಯಾವ ತಿರುವು ಕೆಟ್ಟದ್ದು ಎಂದು ಎರಡು ನಿಮಿಷದಲ್ಲಿ ಹೇಳುತ್ತಾರೆ.

ಕೇಳುವ ಜಾಗವೂ ಇದೆ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿ ಇರುತ್ತದೆ. ಪೊಲೀಸ್, ಆರ್‌ಟಿಒ, ಲೋಕೋಪಯೋಗಿ, ಆರೋಗ್ಯ ಎಲ್ಲ ಇಲಾಖೆಯವರು ಅಲ್ಲಿ ಒಂದೇ ಮೇಜಿನ ಸುತ್ತ ಕೂರುತ್ತಾರೆ. ರಾಜ್ಯದಲ್ಲಿ 2017ರ ಕಾಯ್ದೆಯ ಪ್ರಕಾರ ರಸ್ತೆ ಸುರಕ್ಷತಾ ಪ್ರಾಧಿಕಾರವೂ ಇದೆ. ಗ್ರಾಮ ಪಂಚಾಯ್ತಿಯ ಒಂದು ಠರಾವು, ಜಾಗದ ಫೋಟೊ, ಅಪಘಾತದ ದಿನಾಂಕಗಳು, ಇಷ್ಟನ್ನು ಆ ಸಮಿತಿಗೆ ಕಳಿಸಲು ಖರ್ಚಾಗುವುದು ಒಂದು ಲಕೋಟೆ. ಹೆದ್ದಾರಿಯ ಮೇಲಿನ ಗುಂಡಿ, ಕೆಟ್ಟು ನಿಂತ ಲಾರಿಯ ಬಗ್ಗೆ ಹೇಳಲು 1033 ಇದೆ. ನಿಂತ ಲಾರಿ ಸಣ್ಣ ಮಾತಲ್ಲ. 2025ರ ಏಪ್ರಿಲಿನಲ್ಲಿ ಜೇವರ್ಗಿ ತಾಲೂಕಿನ ನೆಲೋಗಿ ಕ್ರಾಸಿನ ಬಳಿ ನಿಂತಿದ್ದ ಲಾರಿಗೆ ವ್ಯಾನು ಗುದ್ದಿ, ಬಂದೇನವಾಜ್ ದರ್ಗಾಕ್ಕೆ ಹೊರಟಿದ್ದ ಬಾಗಲಕೋಟೆಯ ಐವರು ತೀರಿಕೊಂಡರು.

ಅಪಘಾತ ಆದ ಮೇಲಿನ ಮೊದಲ ಒಂದು ಗಂಟೆಯ ಬಗ್ಗೆಯೂ ಹೇಳಬೇಕು, ಯಾಕೆಂದರೆ ಅಲ್ಲಿ ಮೊದಲು ತಲುಪುವವರು ನಾವೇ. ಹೊಲದಲ್ಲಿದ್ದವರು, ಚಹಾದಂಗಡಿಯವರು, ಬಸ್ಸಿಗೆ ಕಾದು ನಿಂತವರು. ಎತ್ತಲು ಕೈ ಹೋಗುತ್ತದೆ, "ಕೇಸಿನ್ಯಾಗ ಸಿಗ್ತೀವಿ" ಎಂಬ ಭಯ ಹಿಂದಕ್ಕೆ ಎಳೆಯುತ್ತದೆ. ಆ ಭಯಕ್ಕೆ ಈಗ ಕಾರಣವಿಲ್ಲ. ಗಾಯಾಳುವಿಗೆ ನೆರವಾದವರನ್ನು ರಕ್ಷಿಸುವ ಕಾಯ್ದೆಯನ್ನು ದೇಶದಲ್ಲೇ ಮೊದಲು ಮಾಡಿದ ರಾಜ್ಯ ನಮ್ಮದು, 2016ರಲ್ಲಿ. ಕೇಂದ್ರದ ಕಾಯ್ದೆಯಲ್ಲೂ ಆ ರಕ್ಷಣೆ ಸೇರಿದೆ. ನಿಮ್ಮ ಹೆಸರು ಹೇಳಿ ಎಂದು ಪೊಲೀಸರು ಬಲವಂತ ಮಾಡುವಂತಿಲ್ಲ, ಆಸ್ಪತ್ರೆಯವರು ದುಡ್ಡು ಕಟ್ಟು ಎನ್ನುವಂತಿಲ್ಲ. ಅದೇ ವರ್ಷ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದರೂ ಅಂಗದಾನ ಮಾಡಿ ಎಂದು ಕೇಳಿಕೊಂಡ ಹರೀಶ್ ಎಂಬ ಯುವಕನ ಹೆಸರಿನಲ್ಲಿ ರಾಜ್ಯ ಸರ್ಕಾರ ಸಾಂತ್ವನ ಯೋಜನೆ ತಂದಿತು. ಮೊದಲ 48 ಗಂಟೆಗೆ 25,000 ರೂಪಾಯಿವರೆಗಿನ ಚಿಕಿತ್ಸೆ ಅದರದು. 2025ರ ಮೇ ತಿಂಗಳಿನಿಂದ ಕೇಂದ್ರದ ಯೋಜನೆ ಬಂದಿದೆ, ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಏಳು ದಿನ, ಒಂದೂವರೆ ಲಕ್ಷದವರೆಗೆ ನಗದಿಲ್ಲದ ಚಿಕಿತ್ಸೆ. ಕಲಬುರಗಿಯ ಜಿಮ್ಸ್ ಆವರಣದಲ್ಲಿ ಟ್ರಾಮಾ ಕೇಂದ್ರ ಇದೆ. ಗುದ್ದಿದ ಗಾಡಿ ಓಡಿಹೋಗಿ ಪತ್ತೆಯಾಗದಿದ್ದರೂ 2022ರ ಏಪ್ರಿಲ್ 1ರಿಂದ ಸತ್ತವರ ಮನೆಯವರಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50 ಸಾವಿರ ಪರಿಹಾರ ಇದೆ. 112 ಅಥವಾ 108, ಎರಡರಲ್ಲಿ ಒಂದನ್ನು ಒತ್ತಿ. ವಿಡಿಯೊ ಆಮೇಲೆ ಮಾಡಿದರಾಯ್ತು, ಮಾಡದಿದ್ದರೆ ಇನ್ನೂ ಒಳ್ಳೆಯದು.

ಮಗನಿಗೆ ಹೈಸ್ಕೂಲಿನಲ್ಲೇ ಬೈಕು ಕೊಡಿಸಿದ ಅಪ್ಪಂದಿರಿಗೂ ಒಂದು ಮಾತು, ಬೇಜಾರಾಗಬೇಡಿ. ಹದಿನೆಂಟರ ಒಳಗಿನವನು ಗಾಡಿ ಓಡಿಸಿ ಅಪಘಾತ ಮಾಡಿದರೆ 2019ರ ತಿದ್ದುಪಡಿ ಪ್ರಕಾರ ಗಾಡಿ ಕೊಟ್ಟ ತಂದೆ ಅಥವಾ ಮಾಲೀಕನಿಗೆ ಮೂರು ವರ್ಷದವರೆಗೆ ಜೈಲು, 25,000 ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ 25 ವರ್ಷದವರೆಗೆ ಲೈಸನ್ಸ್ ಸಿಗುವುದಿಲ್ಲ. "ಊರಾಗ ಅಷ್ಟೇ ಹೊಡಿತಾನ್ರಿ" ಎನ್ನುತ್ತೀರಿ. ನಮ್ಮ ಊರುಗಳ ನಡುವೆಯೇ ಹೆದ್ದಾರಿ ಹಾದುಹೋಗಿದೆ, ಊರು ಎಲ್ಲಿ ಮುಗಿಯಿತು, ಹೆದ್ದಾರಿ ಎಲ್ಲಿ ಶುರುವಾಯಿತು ಎಂದು ಆ ಹುಡುಗನಿಗೆ ಯಾರು ಗೆರೆ ಎಳೆದು ತೋರಿಸಿದ್ದಾರೆ?

ಕಮಲಾಪುರ 2018ರಲ್ಲಿ ತಾಲೂಕಾಯಿತು. ತಹಸೀಲ್ದಾರರ ಕಚೇರಿ ಬಂತು, ಬೋರ್ಡುಗಳು ಬಂದವು. ತಾಲೂಕು ಅಂದರೆ ಜನರ ಹತ್ತಿರಕ್ಕೆ ಸರ್ಕಾರ ಬರುವುದು ಎಂದು ಭಾಷಣದಲ್ಲಿ ಕೇಳಿದ್ದೇವೆ. ತಾಲೂಕು ಕೇಂದ್ರಗಳಿಗೆ ಬಂದು ಆರ್‌ಟಿಒ ಕ್ಯಾಂಪ್ ನಡೆಸುವ ಪದ್ಧತಿ ಈ ರಾಜ್ಯಕ್ಕೆ ಹೊಸದಲ್ಲ. ಕಮಲಾಪುರಕ್ಕೆ ತಿಂಗಳಿಗೊಂದು ನಿಗದಿತ ದಿನ ಕೊಡಲಿ, ಸಂತೆಯ ದಿನವಾದರೆ ಇನ್ನೂ ಅನುಕೂಲ. ಅದೇ ದಿನ ಡ್ರೈವರುಗಳ ಕಣ್ಣು ಪರೀಕ್ಷೆಯೂ ಆಗಲಿ. ನಲವತ್ತು ದಾಟಿದವರಿಗೆ, ಸಾರಿಗೆ ವಾಹನದವರಿಗೆ ವೈದ್ಯರ ಪ್ರಮಾಣಪತ್ರ ಬೇಕೇ ಬೇಕು, ಅದನ್ನೂ ಈಗ ಎಷ್ಟೋ ಜನ ಕಣ್ಣು ತೋರಿಸದೆಯೇ "ಮಾಡಿಸುತ್ತಾರೆ". ಟ್ರಾಲಿಗೆ ಹಚ್ಚುವ ಹೊಳೆಯುವ ಪಟ್ಟಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ಬೀಜದ ಜೊತೆಗೇ ಕೊಡಲಿ, ದುಡ್ಡು ತಗೊಂಡೇ ಕೊಡಲಿ.

ಜಿಲ್ಲಾಧಿಕಾರಿಗೆ ಮತ್ತು ಸಾರಿಗೆ ನಿಗಮಕ್ಕೆ ಕೊಡಲು ಮನವಿ ಬರೆದಿದ್ದೇವೆ. ಅದರಲ್ಲಿ ಮೂರೇ ಬೇಡಿಕೆ: ತಿಂಗಳ ಕ್ಯಾಂಪು, ಹುಮನಾಬಾದಿನ ಟ್ರ್ಯಾಕಿನಲ್ಲಿ ಭಾನುವಾರದ ತರಬೇತಿ, ಆರ್‌ಸೆಟಿಯಲ್ಲಿ ನಮ್ಮ ತಾಲೂಕಿನ ಒಂದು ಬ್ಯಾಚು. ಮಹಾಗಾಂವ ಕ್ರಾಸಿನ ಅದೇ ಚಹಾದಂಗಡಿಯಲ್ಲಿ ಪ್ರತಿ ಇಟ್ಟಿದ್ದೇವೆ. ಅವತ್ತು ನಕ್ಕ ಹುಡುಗರು ಸಹಿ ಹಾಕಿದರು. "ಏಜೆಂಟಗ ಹೇಳೀವಿ" ಎಂದವನು ಪೆನ್ನು ಹಿಡಿದುಕೊಂಡು ಕೇಳಿದ, "ಅಣ್ಣಾ, ಅಲ್ಲಿ ರಾತ್ರಿ ಹೊಡಿಯೋದೂ ಕಲಸ್ತಾರೇನು?"

ಅದನ್ನು ನಾವು ಬರೆದಿರಲಿಲ್ಲ. ನಾಲ್ಕನೆಯ ಬೇಡಿಕೆಯಾಗಿ ಕೆಳಗೆ ಕೈಯಲ್ಲೇ ಸೇರಿಸಿದೆವು.